ಹಾಸಿಗೆಯಿಂದ ಗೋಡೆಗೆ: ಕೌದಿಯನ್ನು ಓದುವುದು ಹೇಗೆ?

ಕನ್ನಡದಲ್ಲಿ ಪುಸ್ತಕಗಳ ಬಗ್ಗೆ ಬರೆಯುವವರಿಗೆ ‘ಕೌದಿ’ ಸುಲಭವಾಗಿ ಕೈಗೆ ಸಿಗುವ ರೂಪಕ. ಬಿಡಿ ನೆನಪುಗಳನ್ನು ಜೋಡಿಸಿದ ಆತ್ಮಕತೆ ಕೌದಿಯ ಹಾಗೆ, ಹಲವು ದನಿಗಳ ಕಾದಂಬರಿ ಕೌದಿಯ ಹಾಗೆ, ನಾಡಿನ ಬಹುತ್ವವಂತೂ ಕೌದಿಯೇ ಸರಿ. ಹೋಲಿಕೆ ತಪ್ಪೇನಲ್ಲ. ಆದರೆ ಅದನ್ನು ಬಳಸುವಾಗ ನಾವು ಕೌದಿಯನ್ನು ನೋಡುವುದು ಮೇಲಿನಿಂದ, ಬಣ್ಣಬಣ್ಣದ ತುಂಡುಗಳಾಗಿ. ಅದರ ಒಳಪದರದಲ್ಲಿ ಏನಿದೆ, ಯಾರು ಯಾವ ಹೊತ್ತಿನಲ್ಲಿ ಕೂತು ಹೊಲಿದರು, ಆಗ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದು ಕೇಳುವುದು ಕಡಿಮೆ. ಈ ಪ್ರಶ್ನೆಗಳನ್ನು ನೇರವಾಗಿ ಕೇಳಿದ ಎರಡು ಅಮೆರಿಕನ್ ಕೃತಿಗಳಿವೆ. ಒಂದು, ಸೂಸನ್ ಗ್ಲಾಸ್ಪೆಲ್ 1916ರಲ್ಲಿ ಬರೆದ ‘ಟ್ರೈಫಲ್ಸ್’ ಎಂಬ ಏಕಾಂಕ. ಇನ್ನೊಂದು, ಆಲಿಸ್ ವಾಕರ್ ಅವರ 1973ರ ಕಥೆ ‘ಎವ್ವೆರಿಡೇ ಯೂಸ್’. ನಮ್ಮ ಇಂಗ್ಲಿಷ್ ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಪರಿಚಿತವಾದ ಈ ಎರಡನ್ನೂ ಕೋಲಾರ ಜಿಲ್ಲೆಯ ಒಂದು ಮನೆಯ ನಡುಮನೆಯಲ್ಲಿ ಕೂತು ಓದಿದರೆ ಏನು ಕಾಣುತ್ತದೆ ಎಂಬುದು ಈ ಬರಹದ ವಿಷಯ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಕನ್ನಡ ತೆಲುಗು ಎರಡೂ ಒಂದೇ ನಾಲಿಗೆಯ ಮೇಲೆ ಓಡಾಡುತ್ತವೆ. ಇಲ್ಲಿ ಕೌದಿಗಿಂತ ‘ಬೊಂತ’ ಎಂಬ ಮಾತು ಕಿವಿಗೆ ಹತ್ತಿರ. ಅದು ತೆಲುಗಿನದೆಂದು ದೂರ ಇಡಬೇಕಾಗಿಲ್ಲ; ಹಳೆಯ ಕನ್ನಡದ ‘ಬೊಂತೆ’ಯೂ ಅದೇ. ಕೆಲಸದ ಕ್ರಮ ಸರಳ. ಸವೆದ ಹತ್ತಿ ಸೀರೆ, ಪಂಚೆ, ಲಂಗ, ಅಂಗಿಗಳನ್ನು ಒಗೆದು ಒಣಗಿಸಬೇಕು. ಗಟ್ಟಿಯಾಗಿ ಉಳಿದ ಭಾಗ ಮೇಲಕ್ಕೆ, ಪಿಸಿದದ್ದು ಹರಿದದ್ದು ಒಳಕ್ಕೆ. ಪದರಪದರವಾಗಿ ನೆಲದ ಮೇಲೆ ಹಾಸಿ, ಸುಕ್ಕು ಬಾರದಂತೆ ಅಂಚಿಗೆ ಭಾರ ಇಟ್ಟು, ದಪ್ಪ ಸೂಜಿಯಲ್ಲಿ ಉದ್ದಕ್ಕೂ ಓಟದ ಹೊಲಿಗೆ ಹಾಕುತ್ತ ಹೋಗಬೇಕು. ಹೊಲದ ಕೆಲಸ ಕಡಿಮೆಯಿರುವ ಬೇಸಿಗೆಯ ಮಧ್ಯಾಹ್ನಗಳು ಇದಕ್ಕೆ ಹೊಂದುತ್ತವೆ. ಆದರೆ ಮಧ್ಯಾಹ್ನ ಎಂದರೆ ಬಿಡುವು ಎಂದಲ್ಲ. ಬೆಳಗಿನ ಪಾತ್ರೆ ತೊಳೆದದ್ದಕ್ಕೂ ಸಂಜೆಯ ಮುದ್ದೆಗೆ ಎಸರಿಡುವುದಕ್ಕೂ ನಡುವೆ ಸಿಕ್ಕುವ ಸಂದು ಅದು. ಹಾಲು ಉಕ್ಕಿದರೆ ಏಳಬೇಕು, ಕುಕ್ಕರ್ ಕೂಗಿದರೆ ಏಳಬೇಕು. ಮತ್ತೆ ಬಂದು ಕೂತಾಗ ಹೊಲಿಗೆಯ ಅಳತೆ ಕೂದಲೆಳೆಯಷ್ಟು ಬೇರೆಯಾಗಿರುತ್ತದೆ. ಕಣ್ಣಿದ್ದವರು ಬೊಂತದ ಮೇಲೆ ಅಡುಗೆಮನೆಯ ವೇಳಾಪಟ್ಟಿಯನ್ನೇ ಓದಬಹುದು.

ಹೊಲಿಗೆಗೂ ಅಡುಗೆಗೂ ಇರುವ ನಂಟು ಬರೀ ಹೊತ್ತಿನದಲ್ಲ, ನ್ಯಾಯದ್ದು ಕೂಡ. ಬಸ್ಸಾರನ್ನು ನೋಡಿ. ಸೊಪ್ಪು, ಕಾಳು ಬೇಯಿಸಿ ನೀರು ಬಸಿಯುತ್ತಾರೆ. ಬಸಿದ ನೀರು ಸಾರಾಗುತ್ತದೆ, ಉಳಿದ ಸೊಪ್ಪುಕಾಳು ಪಲ್ಯವಾಗುತ್ತದೆ. ಒಂದು ಬೇಯಿಸುವಿಕೆಯಿಂದ ಎರಡು ಪದಾರ್ಥ, ಚೆಲ್ಲಿದ್ದು ಏನೂ ಇಲ್ಲ. ಮಿಕ್ಕ ಮುದ್ದೆ ಮರುದಿನ ಮಜ್ಜಿಗೆಯಲ್ಲಿ ಕರಗಿ ಬೆಳಗಿನ ಹೊಟ್ಟೆ ತುಂಬಿಸುತ್ತದೆ. ಉಟ್ಟ ಸೀರೆ ಬೊಂತವಾಗುವುದೂ ಇದೇ ನ್ಯಾಯದಿಂದ. ಮಳೆ ನಂಬಿ, ಕೆರೆ ನಂಬಿ ಬದುಕಿದ ಬಯಲುಸೀಮೆಯಲ್ಲಿ ಇದು ಕಲೆಯ ತತ್ವವಾಗಿ ಹುಟ್ಟಿದ್ದಲ್ಲ; ಬಿಸಾಡಲು ಆಗದ್ದರಿಂದ ಹುಟ್ಟಿದ್ದು. ಮುಂದೆ ಕಲೆಯ ಮಾತಾಡುವಾಗ ಈ ಬಡತನವನ್ನು ಮರೆಯಬಾರದು.

ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿ, ಕನ್ನಡ ಸಣ್ಣಕಥೆಯ ಮೊದಲ ದಿನಗಳ ‘ರಂಗನ ಮದುವೆ’ಯಲ್ಲಿ ತಮ್ಮ ಹೊಸಹಳ್ಳಿಯನ್ನು ಪರಿಚಯಿಸುವುದು ಅಡುಗೆಮನೆಯ ದಾರಿಯಿಂದಲೇ. ಊರಿನ ಮಾವಿನ ಹುಳಿ, ಊಟಕ್ಕೆ ಎಲೆಯಾಗುವ ಕೆರೆಯ ಬಳ್ಳಿ, ಹಬ್ಬದೂಟದ ಕಡುಬು ಇವೆಲ್ಲ ಅಲ್ಲಿ ಬರುತ್ತವೆ. ಮೈಸೂರು ಸೀಮೆ ಕಡುಬಾದರೆ ಹೊಸಹಳ್ಳಿ ಅದರ ಹೂರಣ ಎಂಬ ಅರ್ಥದ ಅವರ ಮಾತನ್ನು ನಾವು ಊರಭಿಮಾನದ ನಗೆಯೆಂದು ಓದಿ ಮುಂದೆ ಹೋಗುತ್ತೇವೆ. ಅದರಲ್ಲಿ ಒಂದು ರಚನೆಯ ಅರಿವೂ ಇದೆ. ಕಣಕದ ಹೊದಿಕೆ ಕಣ್ಣಿಗೆ ಕಾಣುವಂಥದು, ರುಚಿ ಇರುವುದು ಒಳಗೆ. ಬೊಂತವೂ ಹೀಗೆಯೇ. ಮೇಲಿನ ಬಣ್ಣದ ತುಂಡು ಹೊದಿಕೆ, ಬೆಚ್ಚಗಿಡುವುದು ಒಳಗೆ ಸೇರಿಹೋದ ಕಾಣದ ಹಳೆ ಬಟ್ಟೆ. ಹೊಲಿಗೆಗೂ ಹೋಳಿಗೆಗೂ ಅಕ್ಷರದಲ್ಲಿ ಎಷ್ಟು ಅಂತರವೋ ಕೆಲಸದಲ್ಲೂ ಅಷ್ಟೇ. ಕೌದಿಯನ್ನು ರೂಪಕ ಮಾಡುವವರು ಸಾಮಾನ್ಯವಾಗಿ ಹೊದಿಕೆಯನ್ನು ಹೊಗಳುತ್ತಾರೆ, ಹೂರಣವನ್ನು ಬಿಡುತ್ತಾರೆ.

ಅಡುಗೆಗೆ ಕನ್ನಡದಲ್ಲಿ ಶಾಸ್ತ್ರವಿದೆ. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕದ ಮಾತು ಬರುತ್ತದೆ, 16ನೆಯ ಶತಮಾನದ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ಷಟ್ಪದಿಯಲ್ಲಿ ಬರೆದ. ಬರೆದವರು ಗಂಡಸರು, ಬರೆದದ್ದು ಬಹುಮಟ್ಟಿಗೆ ಸಿರಿವಂತ ಅಡುಗೆ. ಬೊಂತಕ್ಕೆ ಅಂಥ ಶಾಸ್ತ್ರವಿಲ್ಲ. ಅರಮನೆಯಲ್ಲಿ ಅದಕ್ಕೆ ಕೆಲಸವಿರಲಿಲ್ಲ. ಆದರೆ ನಮ್ಮಲ್ಲಿ ಬೊಂತೆಯನ್ನೇ ಹೆಸರಾಗಿ ಹೊತ್ತ ಕವಿಯೊಬ್ಬಳಿದ್ದಾಳೆ, 12ನೆಯ ಶತಮಾನದ ವಚನಕಾರ್ತಿ ಬೊಂತಾದೇವಿ. ಕಥೆ ಹೇಳುವಂತೆ ಆಕೆ ಕಾಶ್ಮೀರದ ಕಡೆಯ ರಾಜಕುಮಾರಿ, ಮೊದಲ ಹೆಸರು ನಿಜದೇವಿ. ಎಲ್ಲವನ್ನೂ ಬಿಟ್ಟು ಬೆತ್ತಲೆ ಹೊರಟವಳಿಗೆ ಶಿವ ಬೊಂತೆಯೊಂದನ್ನು ಕೊಟ್ಟನಂತೆ. ಅರಮನೆಯ ಬಟ್ಟೆ ಬಿಟ್ಟವಳಿಗೆ ದೇವರು ಕೊಟ್ಟದ್ದು ರೇಷ್ಮೆಯಲ್ಲ, ತೇಪೆಯ ಬೊಂತೆ. ಅಕ್ಕಿ ಆಯುತ್ತಿದ್ದವರ ಮನೆಯ ಆಯ್ದಕ್ಕಿ ಲಕ್ಕಮ್ಮ, ನೂಲುತ್ತಿದ್ದ ಕದಿರ ರೆಮ್ಮವ್ವೆ, ಬೊಂತೆ ಹೊದ್ದ ಬೊಂತಾದೇವಿ: ಇವರ ಹೆಸರುಗಳನ್ನು ಒಟ್ಟಿಗೆ ಇಟ್ಟರೆ ಅನ್ನ ಮತ್ತು ಬಟ್ಟೆಯ ಕೆಲಸ ಕನ್ನಡ ಕಾವ್ಯದ ಹೊರಗೆ ಎಂದೂ ಇರಲಿಲ್ಲ ಎಂದು ತಿಳಿಯುತ್ತದೆ. ಅದನ್ನು ಹೊರಗಿಟ್ಟವರು ನಂತರದ ಓದುಗರು.

ಈಗ ‘ಟ್ರೈಫಲ್ಸ್’ಗೆ ಬರೋಣ. ‘ಕ್ಷುಲ್ಲಕ ಸಂಗತಿಗಳು’ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಗ್ಲಾಸ್ಪೆಲ್ ಅಯೋವಾದಲ್ಲಿ ಪತ್ರಕರ್ತೆಯಾಗಿದ್ದಾಗ 1900ರಲ್ಲಿ ನಡೆದ ಕೊಲೆಯೊಂದನ್ನು ವರದಿ ಮಾಡಿದ್ದರು. ನಾಟಕದ ಬೀಜ ಅದು. ಹೊಲದ ಮನೆಯೊಂದರಲ್ಲಿ ಗಂಡ ಸತ್ತಿದ್ದಾನೆ, ಹೆಂಡತಿ ಜೈಲಿನಲ್ಲಿದ್ದಾಳೆ. ಸರ್ಕಾರಿ ವಕೀಲ ಮತ್ತು ಶೆರೀಫ್ ಸಾಕ್ಷ್ಯ ಹುಡುಕಿ ಮಹಡಿಗೆ, ಕೊಟ್ಟಿಗೆಗೆ ಹೋಗುತ್ತಾರೆ. ಜೊತೆಗೆ ಬಂದ ಇಬ್ಬರು ಹೆಂಗಸರು ಅಡುಗೆಮನೆಯಲ್ಲಿ ಉಳಿಯುತ್ತಾರೆ. ಅಲ್ಲಿ ಅರ್ಧ ಒರೆಸಿದ ಮೇಜು, ಡಬ್ಬಕ್ಕೆ ಸೇರದೆ ಹೊರಗೇ ಉಳಿದ ಬ್ರೆಡ್ಡು, ಚಳಿಗೆ ಒಡೆದುಹೋದ ಹಣ್ಣಿನ ಜಾಡಿಗಳು ಕಾಣುತ್ತವೆ. ಆಮೇಲೆ ಹೊಲಿಯುತ್ತಿದ್ದ ಕೌದಿಯ ತುಂಡುಗಳು ಸಿಗುತ್ತವೆ. ಎಲ್ಲ ತುಂಡುಗಳ ಹೊಲಿಗೆಯೂ ಸಮ, ಒಂದರದು ಮಾತ್ರ ಅಡ್ಡಾದಿಡ್ಡಿ. ಹೆಂಗಸರಿಗೆ ಅರ್ಥವಾಗುತ್ತದೆ: ಆ ತುಂಡು ಹೊಲಿಯುವಾಗ ಕೈಗೆ ಏನೋ ಆಗಿತ್ತು.

ವಿಮರ್ಶೆ ಎಂದರೇನು ಎಂದು ಕೇಳುವ ವಿದ್ಯಾರ್ಥಿಗೆ ಈ ದೃಶ್ಯವನ್ನು ಓದಲು ಕೊಡಬೇಕು. ನಿಯಮಿತ ಹೊಲಿಗೆಯ ನಡುವೆ ತಪ್ಪಿದ ಒಂದು ಸಾಲನ್ನು ಗುರುತಿಸಿ, ಅದು ಏಕೆ ತಪ್ಪಿತು ಎಂದು ಕೇಳಿ, ಉತ್ತರವನ್ನು ಹೊಲಿದವಳ ಬದುಕಿನಲ್ಲಿ ಹುಡುಕುವುದು ವಿಮರ್ಶೆಯ ಕೆಲಸವೇ. ಹಾಗೆ ಓದಲು ಅವರಿಗೆ ಸಾಧ್ಯವಾದದ್ದು ಅವರಿಗೂ ಹೊಲಿಯಲು ಬರುತ್ತಿದ್ದರಿಂದ. ಗಂಡಸರು ಕಣ್ಣೆದುರಿನ ಸಾಕ್ಷ್ಯವನ್ನು ಕಂಡು, ಕೌದಿಗೆ ಓಟದ ಹೊಲಿಗೆಯೋ ಗಂಟಿನ ಹೊಲಿಗೆಯೋ ಎಂಬ ಹೆಂಗಸರ ಚರ್ಚೆಯನ್ನು ಕೇಳಿ, ನಕ್ಕು ಮುಂದೆ ಹೋಗುತ್ತಾರೆ. ಕೊನೆಗೆ ಹೆಂಗಸರು ತಮಗೆ ತಿಳಿದದ್ದನ್ನು ಹೇಳದೆ ಉಳಿಯಲು ತೀರ್ಮಾನಿಸುತ್ತಾರೆ. ಅವರಲ್ಲೊಬ್ಬಳು ಕೆಟ್ಟ ಹೊಲಿಗೆಯನ್ನು ಬಿಚ್ಚಿ ಸರಿಯಾಗಿ ಹೊಲಿದುಬಿಡುತ್ತಾಳೆ. ಕನಿಕರದ ಕೆಲಸ ಅದು, ಸಾಕ್ಷ್ಯನಾಶವೂ ಹೌದು. ಕೌದಿಯ ಚರಿತ್ರೆ ನಮಗೆ ಸಿಗದಿರುವುದಕ್ಕೆ ಒಂದು ಕಾರಣ ಇಲ್ಲೇ ಇದೆ. ಓದಬಲ್ಲವರು ಹೇಳಲಿಲ್ಲ, ಹೇಳುವ ಅಧಿಕಾರ ಇದ್ದವರಿಗೆ ಓದಲು ಬರಲಿಲ್ಲ.

ವಾಕರ್ ಅವರ ಕಥೆಯಲ್ಲಿ ಜಗಳ ಬೇರೆ. ಹಳ್ಳಿಯ ತಾಯಿಗೆ ಇಬ್ಬರು ಹೆಣ್ಣುಮಕ್ಕಳು. ಮ್ಯಾಗಿ ಮನೆಯಲ್ಲೇ ಉಳಿದವಳು, ಬೆಂಕಿಯಲ್ಲಿ ಸುಟ್ಟ ಗಾಯದ ಗುರುತು ಹೊತ್ತವಳು. ಡೀ ಓದಿ ಪಟ್ಟಣ ಸೇರಿ, ಹೆಸರನ್ನೂ ಬದಲಿಸಿಕೊಂಡು, ಈಗ ಕ್ಯಾಮೆರಾ ಹಿಡಿದು ಬಂದಿದ್ದಾಳೆ. ಬಂದವಳು ಮೊದಲು ಕೇಳುವುದು ಅಡುಗೆಮನೆಯ ಸಾಮಾನನ್ನು. ಬೆಣ್ಣೆ ಕಡೆಯುವ ಕೊಡದ ಮುಚ್ಚಳ ಅವಳಿಗೆ ಮೇಜಿನ ಅಲಂಕಾರಕ್ಕೆ ಬೇಕು, ಕಡೆಗೋಲೂ ಬೇಕು. ಆ ಕೊಡದಲ್ಲಿ ಹಾಲು ಇನ್ನೂ ಇದೆ, ಮೊಸರಾಗಿ ಕೂತಿದೆ! ಇಡೀ ಕಥೆಯ ವಾದ ಈ ವಿವರದಲ್ಲಿದೆ: ಬಳಕೆಯಲ್ಲಿರುವ ವಸ್ತುವನ್ನು ಡೀ ಆಗಲೇ ಸ್ಮಾರಕವಾಗಿ ನೋಡುತ್ತಿದ್ದಾಳೆ. ನಂತರ ಅವಳು ಕೇಳುವುದು ಅಜ್ಜಿಯ ಕಾಲದ ಎರಡು ಕೌದಿಗಳನ್ನು. ಅವುಗಳಲ್ಲಿ ಅಜ್ಜಿಯ ಉಡುಪುಗಳ ತುಂಡುಗಳಿವೆ, ಮುತ್ತಜ್ಜ ಅಂತರ್ಯುದ್ಧದಲ್ಲಿ ತೊಟ್ಟ ಸಮವಸ್ತ್ರದ ಒಂದು ಚೂರೂ ಇದೆ. ತಾಯಿ ಅವನ್ನು ಮ್ಯಾಗಿಯ ಮದುವೆಗೆಂದು ಇಟ್ಟಿದ್ದಾಳೆ. ಮ್ಯಾಗಿ ಅವನ್ನು ದಿನಾ ಹೊದ್ದು ಹಾಳು ಮಾಡುತ್ತಾಳೆ ಎಂದು ಡೀ ಸಿಟ್ಟಾಗುತ್ತಾಳೆ. ನೀನೇನು ಮಾಡುತ್ತೀಯೆ ಎಂದರೆ ಅವಳ ಉತ್ತರ, ಗೋಡೆಗೆ ತೂಗುಹಾಕುತ್ತೇನೆ ಎಂದು. ಕೊನೆಗೆ ತಾಯಿ ಕೌದಿಗಳನ್ನು ಡೀಯ ಕೈಯಿಂದ ಕಿತ್ತು ಮ್ಯಾಗಿಯ ಮಡಿಲಿಗೆ ಹಾಕುತ್ತಾಳೆ.

ತರಗತಿಯಲ್ಲಿ ಇದಕ್ಕೆ ಸಿಗುವ ಓದು ಸಾಮಾನ್ಯವಾಗಿ ನೇರ. ಮ್ಯಾಗಿ ಸರಿ, ಡೀ ತಪ್ಪು; ಪರಂಪರೆ ಬಳಸುವವರದು, ಪ್ರದರ್ಶಿಸುವವರದಲ್ಲ. ಪರೀಕ್ಷೆಗೆ ಇದು ಸಾಕು. ಕೋಲಾರದ ಮನೆಯಲ್ಲಿ ಕೂತು ಓದುವಾಗ ಇದು ಸಾಲದು. ಬಳಸಿದ ಬೊಂತ ಎಲ್ಲಿಗೆ ಹೋಗುತ್ತದೆ? ಮೊದಲು ಹಾಸಿಗೆಗೆ, ಆಮೇಲೆ ಮಗುವಿನ ತೊಟ್ಟಿಲಿಗೆ, ಆಮೇಲೆ ಬಾಗಿಲ ಬಳಿಯ ಕಾಲೊರಸಿಗೆ, ಕೊನೆಗೆ ಬಿಸಿ ಪಾತ್ರೆ ಇಳಿಸುವ ಮಸಿಬಟ್ಟೆಗೆ. ಅಡುಗೆಮನೆಯಲ್ಲಿ ಹುಟ್ಟಿದ್ದು ಅಡುಗೆಮನೆಯಲ್ಲೇ ಮುಗಿಯುತ್ತದೆ. ಅದು ಘನತೆಯ ಬಾಳು, ಅನುಮಾನವಿಲ್ಲ. ಆದರೆ ಹಾಗೆ ಮುಗಿದುದಕ್ಕೆ ದಾಖಲೆಯಿಲ್ಲ, ಮಾಡಿದವಳಿಗೆ ಹೆಸರಿಲ್ಲ. ಡೀಯ ಆಸೆಯಲ್ಲಿ ಆಡಂಬರ ಇರಬಹುದು. ಅಜ್ಜಿಯ ಕೈಕೆಲಸ ನೋಡಲು ಯೋಗ್ಯವಾದದ್ದು ಎಂಬ ಅವಳ ಮಾತಿನಲ್ಲಿ ಸತ್ಯವೂ ಇದೆ. ಹಳ್ಳಿಯಿಂದ ಓದಲು ಹೊರಟ ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಡೀಗಳೇ. ಕಾಲೇಜಿಗೆ ಹೊರಟಾಗ ತಾಯಿ ಕೊಟ್ಟ ಕೌದಿಯನ್ನು ಹಳೆಯ ಕಾಲದ್ದೆಂದು ಬೇಡವೆಂದವಳು ಡೀ. ಹಾಸ್ಟೆಲಿಗೆ ಬೊಂತ ಒಯ್ಯಲು ನಾಚಿದ ತಲೆಮಾರಿಗೆ ಈ ಸಾಲು ಚುಚ್ಚದೆ ಇರದು. ಆ ನಾಚಿಕೆ ಜಾತಿಯದು, ಬಡತನದ್ದು, ಬರೀ ಫ್ಯಾಷನ್ನಿನದಲ್ಲ.

ಕಥೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕೌದಿ ಅಕ್ಕನಿಗೇ ಇರಲಿ, ಅಜ್ಜಿಯನ್ನು ನೆನೆಯಲು ನನಗೆ ಕೌದಿ ಬೇಕಿಲ್ಲ ಎಂಬರ್ಥದ ಮಾತನ್ನು ಮ್ಯಾಗಿ ಆಡುತ್ತಾಳೆ. ಅವಳಿಗೆ ಹೊಲಿಯಲು ಬರುತ್ತದೆ. ಕೌದಿ ಹರಿದರೆ ಇನ್ನೊಂದು ಹೊಲಿಯಬಲ್ಲಳು. ಗೋಡೆಯೋ ಹಾಸಿಗೆಯೋ ಎಂಬ ಪ್ರಶ್ನೆ ವಸ್ತುವಿನದು. ಮ್ಯಾಗಿಯ ಬಳಿ ಇರುವುದು ವಿದ್ಯೆ. ವಿದ್ಯೆ ಇರುವಲ್ಲಿ ವಸ್ತು ಹೋದರೂ ಪರಂಪರೆ ಹೋಗುವುದಿಲ್ಲ. ವೈದೇಹಿಯವರ ‘ತಿಳಿದವರೇ ಹೇಳಿ’ ಕವಿತೆ ನೆನಪಾಗುವುದು ಇಲ್ಲಿ. ಕಾವ್ಯ ತಿಳಿಯದೆಂದು ಸಾರಿನ ಬಗ್ಗೆ ಮಾತಿಗಿಳಿಯುವ ಅಲ್ಲಿನ ಹೆಣ್ಣು ದನಿ ವಿನಯದ್ದಲ್ಲ, ಸವಾಲಿನದು. ಸಾರು ಬಲ್ಲವಳಿಗೆ ತಾನು ಏನು ಬಲ್ಲೆ ಎಂಬುದು ಚೆನ್ನಾಗಿ ಗೊತ್ತು, ಗೊತ್ತಿಲ್ಲದಿರುವುದು ತಿಳಿದವರಿಗೆ.

ಕೌದಿ ನಿಜವಾಗಿಯೂ ಗೋಡೆಗೆ ಹೋದಾಗ ಏನಾಯಿತು ಎಂಬುದಕ್ಕೆ ನಿದರ್ಶನಗಳಿವೆ. ಅಲಬಾಮಾದ ಜೀಸ್ ಬೆಂಡ್ ಎಂಬ ಬಡ ಕಪ್ಪುಜನರ ಊರಿನ ಹೆಂಗಸರು ಕೆಲಸದ ಬಟ್ಟೆಗಳಿಂದ ಹೊಲಿದ ಕೌದಿಗಳು 2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಮ್ಮಿನಲ್ಲಿ, ಅದೇ ವರ್ಷ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಮ್ಮಿನಲ್ಲಿ ಪ್ರದರ್ಶನಗೊಂಡವು. ಅವನ್ನು ಆಧುನಿಕ ಅಮೂರ್ತ ಚಿತ್ರಗಳೊಡನೆ ಹೋಲಿಸಿ ಹೊಗಳಿದರು. 2007ರಲ್ಲಿ ಕೆಲವು ಹೆಂಗಸರು ತಮಗೆ ಸಲ್ಲಬೇಕಾದ ಹಣದ ಪ್ರಶ್ನೆ ಎತ್ತಿ ನ್ಯಾಯಾಲಯಕ್ಕೆ ಹೋದರು. ಮರುವರ್ಷ ಅದು ಇತ್ಯರ್ಥವಾಯಿತು. ಗೋಡೆ ಹೆಸರು ಕೊಟ್ಟಿತು, ಜೊತೆಗೆ ಲೆಕ್ಕವನ್ನೂ ತಂದಿತು.

ನಮ್ಮ ರಾಜ್ಯದ್ದೇ ಉದಾಹರಣೆ ಉತ್ತರ ಕನ್ನಡದ ಸಿದ್ದಿ ಹೆಂಗಸರದು. ಅವರ ಕೌದಿಗಳನ್ನು ವಿದ್ವಾಂಸ ಹೆನ್ರಿ ಡ್ರೂವಾಲ್ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನ ನಡೆಯಿತು. ಸಿದ್ದಿ ಹೆಂಗಸರು ಅಂಚಿನಿಂದ ಆರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಿಸಿ ಮಾಡಿದ ‘ಫೂಲ’, ಅಂದರೆ ಹೂ, ಇರಲೇಬೇಕು. ಹೂವಿಲ್ಲದ ಕೌದಿ ಅವರ ಪ್ರಕಾರ ಬೆತ್ತಲೆ. ಮನುಷ್ಯರ ಮೈ ಮುಚ್ಚುವ ವಸ್ತುವಿಗೂ ಬೆತ್ತಲೆಯೆಂಬುದು ಇದೆ! ಬರೀ ಉಪಯೋಗಕ್ಕೆಂದು ಹೊಲಿಯುತ್ತಾರೆ, ಚೆಲುವನ್ನು ನಾವು ಹೊರಗಿನವರು ಕಾಣುತ್ತೇವೆ ಎಂಬ ವಾದಕ್ಕೆ ಆ ಮೂಲೆಯ ಹೂವೇ ಉತ್ತರ. ಚಳಿ ಕಳೆಯಲು ಹೂ ಬೇಕಿರಲಿಲ್ಲ.

ಸುಧಾ ಮೂರ್ತಿಯವರ 2017ರ ‘ತ್ರೀ ಥೌಸಂಡ್ ಸ್ಟಿಚಸ್’ ಪುಸ್ತಕಕ್ಕೆ ಹೆಸರು ಕೊಟ್ಟ ಪ್ರಸಂಗವನ್ನೂ ಇದರ ಪಕ್ಕದಲ್ಲಿ ಇಡಬೇಕು. ದೇವದಾಸಿ ಪದ್ಧತಿಯಿಂದ ಹೊರಬಂದ 3000 ಹೆಂಗಸರು ತಲಾ ಒಂದು ಹೊಲಿಗೆ ಹಾಕಿದ ಹೊದಿಕೆಯನ್ನು ಲೇಖಕಿಗೆ ಕೊಡುತ್ತಾರೆ. ಮನ ಮುಟ್ಟುವ ಪ್ರಸಂಗ. ಆದರೆ ಓದುಗರ ಕಣ್ಣು ನೆಡುವುದು ಉಡುಗೊರೆ ಪಡೆದವರ ಮೇಲೆ. 3000 ಹೊಲಿಗೆಗಳೂ ಸೇರಿ ಒಂದು ಕೃತಜ್ಞತೆ ಆಗುತ್ತವೆ. ಯಾವ ಹೊಲಿಗೆ ಯಾರದು, ಯಾವುದು ಅಡ್ಡಾದಿಡ್ಡಿ, ಯಾವ ಕೈ ನಡುಗಿತ್ತು ಎಂಬ ಗ್ಲಾಸ್ಪೆಲ್‌ರ ಪ್ರಶ್ನೆಗೆ ಅಲ್ಲಿ ಜಾಗವಿಲ್ಲ. ಕೌದಿಯ ಕಥೆಯನ್ನು ಪಡೆದವರು ಹೇಳುವುದು ಒಂದು ಬಗೆ, ಹೊಲಿದವರು ಹೇಳುವುದು ಇನ್ನೊಂದು. ಎರಡನೆಯದು ನಮ್ಮಲ್ಲಿ ಇನ್ನೂ ಬರಬೇಕಾಗಿದೆ.

ಗೋಡೆಯ ಮಾತು ಬಂದಾಗ ನಮ್ಮ ಮನೆಗಳ ಗೋಡೆಯನ್ನೂ ನೋಡಬೇಕು. ಇಲ್ಲಿ ಬೊಂತ ಗೋಡೆಗೇರಿಲ್ಲ. ಗೋಡೆಗೇರಿದ್ದು ಚೌಕಟ್ಟು ಹಾಕಿದ ‘ಸುಸ್ವಾಗತ’, ಅಡ್ಡಹೊಲಿಗೆಯ ಗಿಳಿಗಳು, ಮಣಿಯ ನವಿಲು, ಉಲ್ಲನ್ನಿನ ಹೂಗೊಂಚಲು, ಬಾಗಿಲಿಗೆ ಗಾಜಿನ ಕೊಳವೆಗಳ ತೋರಣ. ಇವು ಹೆಣ್ಣುಮಕ್ಕಳು ಶಾಲೆಯ ಹೊಲಿಗೆ ತರಗತಿಯಲ್ಲಿ, ಪತ್ರಿಕೆಗಳ ಮಾದರಿ ನೋಡಿ, ಅಕ್ಕಪಕ್ಕದವರಿಂದ ಕಲಿತು ಮಾಡಿದವು. ಮದುವೆಯ ಮಾತುಕತೆಗೆ ಬಂದವರಿಗೆ ‘ಇದೆಲ್ಲ ನಮ್ಮ ಹುಡುಗಿ ಮಾಡಿದ್ದು’ ಎಂದು ತೋರಿಸಿದವು. ಅಭಿರುಚಿಯುಳ್ಳವರು ಇವನ್ನು ಅನುಕರಣೆ ಎಂದು ಕಡೆಗಣಿಸುತ್ತಾರೆ, ಬೊಂತವನ್ನು ಅಪ್ಪಟ ಎಂದು ಮೆಚ್ಚುತ್ತಾರೆ. ಈ ತರತಮ ಒಪ್ಪುವಂಥದಲ್ಲ. ಬೊಂತ ಮನೆಯವರಿಗೆ, ತೋರಣ ಬಂದವರಿಗೆ, ಅಡುಗೆ ಇಬ್ಬರಿಗೂ. ಮೂರನ್ನೂ ಮಾಡಿದ್ದು ಅದೇ ಕೈ. ಮಣಿಯ ನವಿಲಿಗೆ ಕೂತ ಮಧ್ಯಾಹ್ನದಲ್ಲಾದರೂ ಆಕೆ ಯಾರ ಚಳಿಗೂ ಹಸಿವಿಗೂ ಅಲ್ಲದೆ ಬರೀ ನೋಟಕ್ಕಾಗಿ ದುಡಿದಳು. ಸಿದ್ದಿಯವರ ಮೂಲೆಯ ಹೂವಿಗೆ ಕೊಟ್ಟ ಗೌರವವನ್ನು ಇದಕ್ಕೂ ಕೊಡಬೇಕು. ಮುಳಬಾಗಿಲಿನ ಡಿ.ವಿ.ಜಿ. ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತು ‘ಅಂತಃಪುರಗೀತೆ’ ಬರೆದರು. ದೇವಾಲಯದ ಗೋಡೆಯ ಹೆಣ್ಣುಗಳಿಗೆ ಹಾಡು ಸಿಕ್ಕಿತು. ಮನೆಯ ಗೋಡೆಯನ್ನು ಸಿಂಗರಿಸಿದ ಹೆಣ್ಣುಗಳ ಬಗ್ಗೆ ಒಂದು ಗದ್ಯಪುಟವಾದರೂ ಬೇಡವೆ?

ಇನ್ನು ಕೊನೆಯ ಮಾತು ಮ್ಯಾಗಿಯ ಬಗ್ಗೆ. ವಿದ್ಯೆ ಅವಳ ಕೈಯಲ್ಲಿದೆ ಎಂದು ಹೊಗಳುವುದು ಸುಲಭ. ಆದರೆ ಅವಳು ಆ ವಿದ್ಯೆ ಉಳಿಸಿಕೊಂಡದ್ದು ಮನೆಯಿಂದ ಹೊರಗೆ ಹೋಗಲಾಗದ್ದರಿಂದ. ಕೋಲಾರದ ಮ್ಯಾಗಿ ಈಗ ಮನೆಯಲ್ಲಿಲ್ಲ. ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ಹೋಗುವ ಬಸ್ಸಿನಲ್ಲಿದ್ದಾಳೆ. ಪಾಳಿ ಮುಗಿಸಿ ಬಂದು ಮುದ್ದೆ ತಿರುವುವವಳಿಗೆ ಬೇಸಿಗೆಯ ಮಧ್ಯಾಹ್ನ ಉಳಿದಿಲ್ಲ. ಉಡುವ ಸೀರೆ ಪಾಲಿಯೆಸ್ಟರ್; ಅದು ಬೊಂತಕ್ಕೆ ಹತ್ತಿಯಂತೆ ಒಗ್ಗದು, ಬೆವರು ಹೀರದು. ಸಂತೆಯಲ್ಲಿ ರಗ್ಗು ಅಗ್ಗ. ‘ಈಗ ಯಾರೂ ಹೊಲಿಯುವುದಿಲ್ಲ’ ಎಂದು ಮರುಗುವವರು ತಾವು ಕೇಳುತ್ತಿರುವುದು ಬಟ್ಟೆಯನ್ನಲ್ಲ, ಅವಳ ಮಧ್ಯಾಹ್ನವನ್ನು ಎಂದು ತಿಳಿದಿರಬೇಕು. ತನ್ನದೇ ಸಂಬಳ ಎಣಿಸಿಕೊಳ್ಳುವ ಹೆಣ್ಣನ್ನು ನಮ್ಮ ಪರಂಪರೆಯ ಆಸೆಗಾಗಿ ಮತ್ತೆ ನಡುಮನೆಯಲ್ಲಿ ಕೂರಿಸುವಂತಿಲ್ಲ.

ಹಾಗಾದರೆ ನಮ್ಮಿಂದ ಆಗುವುದೇನು? ಹೊಲಿದವರು ಇನ್ನೂ ಇದ್ದಾರೆ. ಅವರ ಬಳಿ ಕೂತು ಒಂದೊಂದು ತುಂಡಿನ ಕಥೆ ಕೇಳಿ ಬರೆದಿಡಬಹುದು: ಇದು ಯಾರ ಸೀರೆ, ಇದು ಯಾವ ಹೆರಿಗೆಗೆ ಹೊಲಿದದ್ದು, ಇಲ್ಲಿ ಹೊಲಿಗೆ ಏಕೆ ತಪ್ಪಿದೆ, ಅವತ್ತು ಒಲೆಯ ಮೇಲೆ ಏನಿತ್ತು. ಕಾಲೇಜಿನ ಕನ್ನಡ ವಿಭಾಗಗಳು ಜನಪದ ಗೀತೆ ಸಂಗ್ರಹಿಸಿದಂತೆ ಇದನ್ನೂ ಸಂಗ್ರಹಿಸಬಹುದು. ವಿದ್ಯಾರ್ಥಿಗೆ ಮೊದಲ ಆಕರ ತನ್ನ ಮನೆಯ ಅಟ್ಟದಲ್ಲೇ ಇರುತ್ತದೆ. ಬರೆಯುವಾಗ ಹೊಲಿದವಳ ಹೆಸರನ್ನು ಅವಳ ಒಪ್ಪಿಗೆಯಿಂದ ಮೊದಲು ಬರೆಯಬೇಕು, ತುಂಡಿನ ಬಣ್ಣ ಆಮೇಲೆ. ಅಷ್ಟು ಮಾಡಿದ ಮೇಲೆ ಕೌದಿಯನ್ನು ರೂಪಕವಾಗಿ ಬಳಸುವ ಹಕ್ಕು ನಮಗೆ ಬಂದೀತು.